ಸತುವನ್ನು ಸುಲಿಯುವ ಮೊದಲು

ಮುಂಬಯಿಯ ಮಸ್ಜಿದ್ ರೈಲು ನಿಲ್ದಾಣದಲ್ಲಿ ಇಳಿದು ಪಶ್ಚಿಮಕ್ಕೆ ನಡೆದರೆ ನಾಗದೇವಿ ಬೀದಿ ಸಿಗುತ್ತದೆ. ಕಪಾಟಿನಷ್ಟು ಅಗಲದ ಅಂಗಡಿಗಳು, ಒಳಗೆ ಸೂರಿನವರೆಗೂ ಬೇರಿಂಗು, ವಾಲ್ವು, ಬೋಲ್ಟು, ಪೈಪಿನ ಎಲ್ಬೋ, ಟೀ, ಫ್ಲ್ಯಾಂಜು. ಒಂದು ಕಾಲಕ್ಕೆ ಇಲ್ಲಿಗೆ ಬರುತ್ತಿದ್ದವರು ಗಿರಣಿಗಳ ಸ್ಟೋರ್ ಗುಮಾಸ್ತರು, ಪ್ಲಂಬರುಗಳು, ಯಂತ್ರ ರಿಪೇರಿಯವರು. ಈಗ ಅವರ ನಡುವೆ ಇನ್ನೊಂದು ಬಗೆಯ ಗಿರಾಕಿಯೂ ಕಾಣಿಸುತ್ತಾರೆ. ಕೈಯಲ್ಲಿ ಫೋನು, ಫೋನಿನಲ್ಲಿ ಒಂದು ಚಿತ್ರ: ಇಟ್ಟಿಗೆ ಗೋಡೆ, ಅದರ ಮುಂದೆ ಕಪ್ಪು ಕಬ್ಬಿಣದ ಕೊಳವೆಗಳ ಚೌಕಟ್ಟು, ಚೌಕಟ್ಟಿನ ಮೇಲೆ ಹಳೆಯ ಮರದ ಹಲಗೆ, ಹಲಗೆಯ ಮೇಲೆ ನಾಲ್ಕು ಪುಸ್ತಕ, ಒಂದು ಮನಿಪ್ಲಾಂಟ್. ಇಂಥದ್ದೊಂದನ್ನು ಮನೆಯಲ್ಲೇ ಮಾಡಿಕೊಳ್ಳಬೇಕು. ಎಷ್ಟು ಅಡಿ ಪೈಪು, ಎಷ್ಟು ಎಲ್ಬೋ ಎಂಬ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡೇ ಬಂದಿರುತ್ತಾರೆ.

ಈ ಆಸೆಯನ್ನು ಗೇಲಿ ಮಾಡಲು ಕಾರಣವಿಲ್ಲ. ಮುಂಬಯಿಯ ಬಾಡಿಗೆ ಬದುಕಿಗೆ ಪೈಪಿನ ಪೀಠೋಪಕರಣದಷ್ಟು ಒಗ್ಗುವ ವಸ್ತು ಕಡಿಮೆ. 11 ತಿಂಗಳ ಕರಾರು ಮುಗಿಯುತ್ತಲೇ ಅಂಧೇರಿಯಿಂದ ಮಲಾಡಿಗೆ, ಮಲಾಡಿನಿಂದ ಮೀರಾ ರೋಡಿಗೆ ಗಂಟುಮೂಟೆ ಕಟ್ಟಬೇಕು. ಪಾರ್ಟಿಕಲ್ ಬೋರ್ಡಿನ ಕಪಾಟು ಎರಡನೇ ಸಾಗಾಟಕ್ಕೇ ಮೂಲೆ ಬಿಡುತ್ತದೆ. ಪೈಪಿನದನ್ನಾದರೆ ತಿರುಚಿ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಟೆಂಪೋದ ಮೇಲೆ ಎಸೆದರಾಯಿತು. ಗೆದ್ದಲು ಹಿಡಿಯುವುದಿಲ್ಲ. ತಿಗಣೆಗೆ ಅಡಗಲು ಬಿರುಕಿಲ್ಲ, ಮುಂಬಯಿಯಲ್ಲಿ ಇದು ಸಣ್ಣ ಮಾತಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಸ್ವಂತ ಮನೆ ಕನಸಿನಲ್ಲೂ ಕೈಗೆಟುಕದ ಊರಿನಲ್ಲಿ ಕನಿಷ್ಠ ಒಂದು ಮೇಜನ್ನಾದರೂ ಸ್ವಂತ ಕೈಯಿಂದ ಮಾಡಿದೆ ಎಂಬ ಸಮಾಧಾನಕ್ಕೆ ಬೆಲೆ ಇದೆ.

ತೊಡಕು ಶುರುವಾಗುವುದು ಪೈಪು ಮನೆಗೆ ಬಂದ ಮೇಲೆ. ಅಂಗಡಿಯವನು ಕೊಟ್ಟದ್ದು ನೀರಿನ ಜಿಐ ಪೈಪು. ಹೊಸ ತಗಡಿನ ಬಕೆಟ್ಟಿನಂತೆ ಬೆಳ್ಳಗೆ ಹೊಳೆಯುತ್ತದೆ. ಮೈಮೇಲೆ ಕಂಪನಿಯ ಹೆಸರು, ಐಎಸ್‌ಐ ಗುರುತು, ಒಂದು ನೀಲಿ ಪಟ್ಟಿ. ಚಿತ್ರದಲ್ಲಿದ್ದ ಕಪ್ಪು ಎಲ್ಲೂ ಇಲ್ಲ. ಸರಿ, ಕಪ್ಪು ಎನಾಮೆಲ್ ತಂದು ಬಳಿದರೆ ಕೆಲವೇ ತಿಂಗಳಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ಆಗ ಯಾರೋ ತಿಳಿದವರು ಹೇಳುತ್ತಾರೆ: ಆ ಬಿಳಿ ಕೋಟನ್ನು ತೆಗೆದುಬಿಡಿ. ಆ್ಯಸಿಡ್ಡಿಗೆ ಹಾಕಿ. ಇಲ್ಲವೇ ಗ್ರೈಂಡರ್ ಹಿಡಿಸಿ. ಇಲ್ಲವೇ ಸುಟ್ಟುಬಿಡಿ.

ಮೂರೂ ಕೆಟ್ಟ ಸಲಹೆ. ಊರಾಚೆ ಶೆಡ್ಡು, ಹಿತ್ತಲು, ಬೀಸುವ ಗಾಳಿ ಇರುವವರಿಗೆ ಹೇಗೋ ನಡೆದುಹೋಗಬಹುದಾದ ಈ ಕೆಲಸ ಮುಂಬಯಿಯ ಮನೆಗಳಲ್ಲಿ ನಡೆಯುವಂಥದ್ದಲ್ಲ. ಅಲ್ಲಿ ನಡೆಯದಾದಾಗ ಅದು ಎಲ್ಲಿಗೆ ಹೋಗುತ್ತದೆ, ಯಾರ ಎದೆಗೆ ಇಳಿಯುತ್ತದೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ.

ಮೊದಲು ಆ ಬಿಳಿ ಕೋಟು ಏನೆಂದು ನೋಡಬೇಕು. ಲೋಹದ ಮೇಲೆ ಲೋಹ ನಮ್ಮ ಅಡುಗೆಮನೆಗಳಿಗೆ ಹೊಸದಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಬೀದಿಗೆ ಬರುತ್ತಿದ್ದ ದಿನಗಳು ಅನೇಕರಿಗೆ ನೆನಪಿವೆ. ತಿದಿ ಒತ್ತಿ ಕೆಂಡ ಎಬ್ಬಿಸಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ತಾಗಿಸಿ, ಬಟ್ಟೆಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಒಳಮೈ ಬೆಳ್ಳಿಯಾಗುತ್ತಿತ್ತು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಹೊಟ್ಟೆಗೆ ಹೋಗುತ್ತದೆ ಎಂದು ಅಜ್ಜಿಯರಿಗೆ ಗೊತ್ತಿತ್ತು. ಹಾಗಾಗಿ ಕಲಾಯಿ ಸವೆದರೆ ಮತ್ತೆ ಹಾಕಿಸುತ್ತಿದ್ದರೇ ಹೊರತು ಇದ್ದದ್ದನ್ನು ಕೆರೆದು ತೆಗೆಯುವ ಯೋಚನೆ ಯಾರ ತಲೆಗೂ ಬರುತ್ತಿರಲಿಲ್ಲ.

ಪೈಪಿನ ಮೇಲಿನ ಸತು ಕಲಾಯಿಯ ದಾಯಾದಿ, ಆದರೆ ಇನ್ನೂ ಗಟ್ಟಿ ಆಸಾಮಿ. ಸತು ಕರಗುವುದು 419.5 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಸುಮಾರು 450 ಡಿಗ್ರಿಯಲ್ಲಿ ಕರಗಿ ನಿಂತ ಸತುವಿನ ತೊಟ್ಟಿಗೆ ತೊಳೆದ ಉಕ್ಕಿನ ಕೊಳವೆಯನ್ನು ಮುಳುಗಿಸಿ ತೆಗೆಯುತ್ತಾರೆ. ಆ ಬಿಸಿಯಲ್ಲಿ ಉಕ್ಕೂ ಸತುವೂ ಬೆರೆತು ಮಿಶ್ರಲೋಹದ ಪದರಗಳಾಗುತ್ತವೆ, ಅವುಗಳ ಮೇಲೆ ಶುದ್ಧ ಸತು ಕೂರುತ್ತದೆ. ಎಲ್ಲ ಸೇರಿ ದಪ್ಪ ಒಂದು ತಲೆಗೂದಲಿನಷ್ಟು. ಆದರೆ ಇದು ಗೋಡೆಯ ಸುಣ್ಣದಂತೆ ಮೇಲೆ ಅಂಟಿದ್ದಲ್ಲ, ಹಾಲಿಗೆ ಹೆಪ್ಪು ಕೂಡಿದ ಹಾಗೆ ಕೂಡಿದ್ದು. ಇನ್ನೊಂದು ಗುಣವೂ ಇದಕ್ಕಿದೆ. ಎಲ್ಲೋ ಗೀರು ಬಿದ್ದು ಒಳಗಿನ ಉಕ್ಕು ಕಂಡರೂ ಸುತ್ತಲಿನ ಸತು ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ಮಾಮೂಲಿ ಬಣ್ಣಕ್ಕೆ ಈ ಶಕ್ತಿ ಇಲ್ಲ. ಅದರ ಮೇಲೆ ಒಂದು ಗೀರು ಬಿದ್ದರೆ ತುಕ್ಕು ಅಲ್ಲಿಂದಲೇ ಒಳನುಗ್ಗಿ ಬಣ್ಣದಡಿ ಹರಿದಾಡುತ್ತದೆ. ಮೂರು ಕಡೆ ಉಪ್ಪುನೀರು, ನಾಲ್ಕು ತಿಂಗಳು ಮಳೆ ಇರುವ ಊರಿನಲ್ಲಿ ಕಬ್ಬಿಣಕ್ಕೆ ಸಿಗಬಹುದಾದ ಒಳ್ಳೆಯ ಅಂಗಿ ಇದು. ಗಿರಾಕಿ ಈ ಅಂಗಿಗೆ ದುಡ್ಡು ಕೊಟ್ಟಿರುತ್ತಾನೆ. ಸತುವಿಲ್ಲದ ಕಪ್ಪು ಪೈಪು ಇದಕ್ಕಿಂತ ಅಗ್ಗ.

ಈಗ ಆ್ಯಸಿಡ್ಡಿನ ದಾರಿ. ಟಾಯ್ಲೆಟ್ ತೊಳೆಯಲು ಮಾರುವ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸತು ಬೇಗನೆ ಶರಣಾಗುತ್ತದೆ, ನೊರೆನೊರೆಯಾಗಿ ಕುದಿದು ಬಿಟ್ಟುಕೊಡುತ್ತದೆ. ಸುಲಭವೆಂದೇ ಈ ದಾರಿಗೆ ಹೆಚ್ಚು ಜನ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು. ಪೈಪು ಮಾರಾಟವಾಗುವ ಪೂರ್ತಿ ಉದ್ದ 6 ಮೀಟರು. ಒಂದು ಸಣ್ಣ ಮೇಜಿಗೆ ಹೆಚ್ಚುಕಡಿಮೆ ಅಷ್ಟು ಬೇಕಾಗುತ್ತದೆ. ಒಂದು ಇಂಚಿನ ಪೈಪಿನ ಒಳಮೈ ಹೊರಮೈ ಎರಡೂ ಸೇರಿದರೆ ಒಂದು ಚದರ ಮೀಟರಿಗಿಂತ ತುಸು ಹೆಚ್ಚು. ಸತುವಿನ ದಪ್ಪ 55 ಮೈಕ್ರಾನ್ ಎಂದು ಹಿಡಿದರೆ ಅದರ ತೂಕ ಸುಮಾರು 450 ಗ್ರಾಂ. ಅಷ್ಟನ್ನು ಕರಗಿಸಲು ಶೇಕಡಾ 10ರ ಆಮ್ಲ ಹತ್ತಿರ ಹತ್ತಿರ 5 ಲೀಟರ್ ಬೇಕು. ಕರಗುವಾಗ ಹೊರಬರುವ ಹೈಡ್ರೋಜನ್ ಅನಿಲ ಸುಮಾರು 165 ಲೀಟರ್. ಮನೆಯ ಅಡುಗೆ ಗ್ಯಾಸಿನ ಐದು ಸಿಲಿಂಡರುಗಳಷ್ಟು ಜಾಗ ತುಂಬುವ ಅನಿಲ, ಅದೂ ಒಂದು ಕಿಡಿ ಸಾಕಾಗುವಂಥದ್ದು.

ಇದನ್ನು ಎಲ್ಲಿ ಮಾಡುವುದು? 1920ರ ದಶಕದಲ್ಲಿ ಕಟ್ಟಿದ ಬಿಡಿಡಿ ಚಾಳುಗಳ ಒಂದು ಕೋಣೆ 160 ಚದರ ಅಡಿ. ಹೊಸ ಕಟ್ಟಡಗಳ ‘ಒನ್ ಆರ್‌ಕೆ’ ಅದಕ್ಕಿಂತ ಬಹಳ ದೊಡ್ಡದೇನಲ್ಲ. ಬಾಲ್ಕನಿಯನ್ನು ಗಾಜು ಹಾಕಿಸಿ ಕೋಣೆಗೆ ಸೇರಿಸಿಕೊಂಡಾಗಿದೆ. ಉಳಿದದ್ದು ಮೋರಿ. ಮುಂಬಯಿಯ ಮಾತಿನಲ್ಲಿ ಮೋರಿ ಎಂದರೆ ಕೋಣೆಯ ಮೂಲೆಯಲ್ಲಿ ಅಡ್ಡಗಟ್ಟೆ ಕಟ್ಟಿದ ತೊಳೆಯುವ ಜಾಗ, ಸ್ನಾನಕ್ಕೂ ಅದೇ, ಪಾತ್ರೆಗೂ ಅದೇ. ಕನ್ನಡದಲ್ಲಿ ಮೋರಿ ಎಂದರೆ ಚರಂಡಿ. ಈ ಕೆಲಸಕ್ಕೆ ಎರಡು ಅರ್ಥವೂ ಹೊಂದುತ್ತವೆ. ಮೋರಿಯಿಂದ ನಾಲ್ಕು ಹೆಜ್ಜೆಗೆ ಗ್ಯಾಸಿನ ಒಲೆ, ಅದರ ಪಕ್ಕ ದೇವರ ದೀಪ, ತನ್ನಷ್ಟಕ್ಕೆ ಹೊತ್ತಿಕೊಂಡು ಆರುವ ಫ್ರಿಜ್ಜು. ಆಮ್ಲದ ಆವಿ ಕಣ್ಣು ಗಂಟಲನ್ನು ಉರಿಸುವುದಷ್ಟೇ ಅಲ್ಲ, ಮನೆಯಲ್ಲಿರುವ ಬೇರೆ ಕಬ್ಬಿಣವನ್ನೆಲ್ಲ ತಿನ್ನಲು ಹೊರಡುತ್ತದೆ. ಗೋದ್ರೆಜ್ ಕಪಾಟಿನ ಕೀಲು, ಹೊಲಿಗೆ ಯಂತ್ರದ ಸೂಜಿ, ಫ್ರಿಜ್ಜಿನ ಹಿಂಬದಿ. ಒಂದು ಮೇಜಿನ ತುಕ್ಕು ತಡೆಯುವ ಕೋಟನ್ನು ತೆಗೆಯಲು ಹೋಗಿ ಮನೆಗೆಲ್ಲ ತುಕ್ಕು ಹಂಚಿದಂತಾಗುತ್ತದೆ. ಕೊನೆಗೆ ವಾಸನೆ ಹೋಗಲೆಂದು ಮೋರಿಗೆ ಬ್ಲೀಚಿಂಗ್ ಪುಡಿ ಸುರಿದರಂತೂ ಕ್ಲೋರಿನ್ ಅನಿಲವೇ ಏಳುತ್ತದೆ. ಮನೆ ಚೊಕ್ಕಟವಾಗಿಡುವವರೇ ಈ ತಪ್ಪು ಮಾಡುವುದು.

ಆ 5 ಲೀಟರ್ ಆ್ಯಸಿಡ್ ಮನೆಗೆ ಬರುವ ಬಗೆಯೂ ಯೋಚಿಸಬೇಕಾದದ್ದೇ. ಹೆಣ್ಣುಮಕ್ಕಳ ಮುಖಕ್ಕೆ ಆ್ಯಸಿಡ್ ಎರಚುವ ಕ್ರೌರ್ಯವನ್ನು ತಡೆಯಲು ಸುಪ್ರೀಂ ಕೋರ್ಟು 2013ರ ಜುಲೈನಲ್ಲಿ, ಸ್ವತಃ ಅಂಥ ದಾಳಿಗೆ ತುತ್ತಾದ ಲಕ್ಷ್ಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ, ಚಿಲ್ಲರೆ ಮಾರಾಟಕ್ಕೆ ಕಟ್ಟುಪಾಡು ವಿಧಿಸಿತು. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ವಿಳಾಸ ಬರೆದಿಡಬೇಕು, 18 ವರ್ಷದೊಳಗಿನವರಿಗೆ ಕೊಡಬಾರದು. ಪುಸ್ತಕದ ಕಪಾಟಿನ ಶೋಕಿಗಾಗಿ ಡಬ್ಬಗಟ್ಟಲೆ ಆ್ಯಸಿಡ್ ಕೊಂಡು, ಅರ್ಧ ಉಳಿಸಿ, ಸಿಂಕಿನ ಕೆಳಗೆ ನೀರಿನ ಬಾಟಲಿಯಲ್ಲಿ ತುಂಬಿಡುವುದು ಆ ಆದೇಶದ ಹಿಂದಿನ ನೋವಿಗೆ ಮಾಡುವ ಅವಮಾನ. ಮಕ್ಕಳಿರುವ ಮನೆಯಲ್ಲಿ ಅದು ಅವಮಾನದಲ್ಲಿ ಮುಗಿಯದೆಯೂ ಇರಬಹುದು.

ವಿನೆಗರ್ ಬಳಸಿ, ಅದು ಸಾಧು, ಎನ್ನುವವರಿದ್ದಾರೆ. ಸಾಧು ಹೌದು, ನಿಧಾನ. ಗಂಟೆಯ ಕೆಲಸಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಆದರೆ ಕರಗುವ ಸತು ಅಷ್ಟೇ, ಅದು ಇಳಿಯುವ ಮೋರಿಯೂ ಅದೇ. ಸತು ಬೆರೆತ ನೀರು ಮೀನು ಮತ್ತು ಜಲಚರಗಳಿಗೆ ವಿಷ. ಉಪನಗರಗಳ ಎಷ್ಟೋ ಮೋರಿಗಳ ನೀರು ಶುದ್ಧವಾಗದೆ ನಾಲೆಗಳಿಗೆ ಸೇರುತ್ತದೆ. ಪವಾಯಿಯ ಕಡೆಯಿಂದ ಹೊರಟು ಸಾಕಿನಾಕಾ, ಕುರ್ಲಾ, ಕಾಲಿನಾ, ಧಾರಾವಿಗಳ ಅಂಚಿನಲ್ಲಿ ಹರಿದು ಮಾಹೀಮ್ ಖಾರಿಯಲ್ಲಿ ಸಮುದ್ರ ಸೇರುವ ಮೀಠಿ ಒಂದು ನದಿ ಎಂಬುದು ಬಹುಪಾಲು ಮುಂಬಯಿಕರರಿಗೆ ಹೊಳೆದದ್ದೇ 2005ರ ಜುಲೈ 26ರಂದು. ಆ ದಿನ ಸಾಂತಾಕ್ರೂಝ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ನದಿ ತನ್ನ ಜಾಗ ಕೇಳಿಕೊಂಡು ಮನೆಗಳೊಳಗೆ ಬಂತು. ಅಲ್ಲಿಗೆ ಇಳಿಯುವ ಕೊಳೆಯ ಮುಂದೆ ಒಂದು ಮೇಜಿನ ಅರ್ಧ ಕಿಲೋ ಸತು ಎಷ್ಟರದ್ದು ಎಂದು ಕೇಳಬಹುದು. ಅಲ್ಲಿಗೆ ಇಳಿಯುವ ಪ್ರತಿಯೊಂದು ಕೊಳೆಯೂ ಅದೇ ಪ್ರಶ್ನೆ ಕೇಳಿಕೊಂಡೇ ಇಳಿದಿದೆ.

ಮನೆಯಲ್ಲಿ ಆಗದು ಎಂದು ಅರಿತವರು ಪೈಪನ್ನು ಗಾಲಾಕ್ಕೆ ಒಯ್ಯುತ್ತಾರೆ. ಗಾಲಾ ಎಂದರೆ ಸಣ್ಣ ಕಾರ್ಖಾನೆಯ ಕೋಣೆ. ಕುರ್ಲಾ, ಸಾಕಿನಾಕಾದ ಗಲ್ಲಿಗಳಲ್ಲಿ ಇವು ಒಂದಕ್ಕೊಂದು ಬೆನ್ನು ತಾಗಿಸಿ ಕೂತಿವೆ. ಅಲ್ಲಿ ಮೂರೋ ನಾಲ್ಕೋ ಜನ, ಅನೇಕರು ಉತ್ತರ ಪ್ರದೇಶ ಬಿಹಾರಗಳಿಂದ ಬಂದವರು, ಮೇಲೆ ಅಟ್ಟದಲ್ಲೇ ಮಲಗುವವರು. ಕೆಲವು ನೂರು ರೂಪಾಯಿಗೆ ಪೈಪನ್ನು ಉಜ್ಜಿ, ಕತ್ತರಿಸಿ, ಬೆಸೆದು ಕೊಡುತ್ತಾರೆ. ಗಿರಾಕಿ ಹೊರಗೆ ಚಹಾ ಕುಡಿಯುತ್ತಾ ಕಾಯುತ್ತಾನೆ. ಒಳಗೆ ನಡೆಯುವುದೇ ಈ ಹವ್ಯಾಸದ ನಿಜವಾದ ಲೆಕ್ಕ.

ಸತು 907 ಡಿಗ್ರಿಯಲ್ಲಿ ಕುದಿಯುತ್ತದೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಬೇಕು. ಹಾಗಾಗಿ ಜಿಐ ಪೈಪಿಗೆ ಬೆಸುಗೆಯ ಕಿಡಿ ತಾಗಿದಾಗ ಉಕ್ಕು ಮೆತ್ತಗಾಗುವ ಮೊದಲೇ ಸತು ಆವಿಯಾಗಿ, ಗಾಳಿಯ ಆಮ್ಲಜನಕ ಸೇರಿ, ಬಿಳಿ ಹೊಗೆಯಾಗಿ ಏಳುತ್ತದೆ. ಗ್ಯಾಸ್ ಟಾರ್ಚಿನಿಂದ ಸುಟ್ಟು ಕೋಟು ತೆಗೆಯಲು ಹೋದರೂ ಅದೇ ಹೊಗೆ. ಅದನ್ನು ಉಸಿರಾಡಿದವನಿಗೆ ಆ ಕ್ಷಣಕ್ಕೆ ಬಾಯಲ್ಲಿ ಲೋಹದ ಸಿಹಿ, ಗಂಟಲಲ್ಲಿ ಕೆರೆತ, ಅಷ್ಟೇ. ನಾಲ್ಕರಿಂದ ಹತ್ತು ಗಂಟೆ ಕಳೆದು, ಅಟ್ಟ ಹತ್ತಿ ಮಲಗಿದ ಮೇಲೆ, ಚಳಿ ಹಿಡಿಯುತ್ತದೆ. ಜ್ವರ, ನಡುಕ, ಮೈಕೈ ನೋವು, ಎದೆ ಬಿಗಿತ. ಮುಂಬಯಿಯಲ್ಲಿ ಇದನ್ನು ಮಲೇರಿಯಾ ಎಂದುಕೊಳ್ಳುವುದು ಸಹಜ. ಒಂದೆರಡು ದಿನದಲ್ಲಿ ತಾನಾಗಿ ಬಿಡುತ್ತದೆ. ವೈದ್ಯರ ಪುಸ್ತಕದಲ್ಲಿ ಇದಕ್ಕೆ ‘ಮೆಟಲ್ ಫ್ಯೂಮ್ ಫೀವರ್’ ಎಂದು ಹೆಸರು, ‘ಸೋಮವಾರದ ಜ್ವರ’ ಎಂಬ ಅಡ್ಡಹೆಸರೂ ಉಂಟು. ದಿನವೂ ಹೊಗೆ ಕುಡಿಯುವವನ ಮೈ ಅದಕ್ಕೆ ತುಸು ಒಗ್ಗಿಕೊಂಡಿರುತ್ತದೆ, ಭಾನುವಾರ ಒಂದು ದಿನ ರಜೆ ಸಿಕ್ಕರೆ ಒಗ್ಗಿದ್ದು ಮರೆಯುತ್ತದೆ, ಸೋಮವಾರ ಮತ್ತೆ ಜ್ವರ. ರಜೆಯೇ ಕಾಯಿಲೆ ತಂದ ಹಾಗೆ ಕಾಣುವ ಕ್ರೂರ ತಮಾಷೆ ಇದು.

ಮದ್ದೆಂದು ಬೆಲ್ಲ ತಿನ್ನುತ್ತಾರೆ, ಹಾಲು ಕುಡಿಯುತ್ತಾರೆ. ಹೊಗೆ ಹೋದದ್ದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಮೂಗಿಗೆ ಕಟ್ಟಿದ ಕರವಸ್ತ್ರ ಆ ಸಣ್ಣ ಕಣಗಳನ್ನು ತಡೆಯುವುದಿಲ್ಲ. ಜ್ವರ ಬಿಟ್ಟಿತೆಂದರೆ ಎಲ್ಲ ಮುಗಿಯಿತು ಎಂದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಬೆಸುಗೆಯ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕೆಲವು ಹೊಸ ಸತುಲೇಪಿತ ಸರಕಿನ ಮೇಲೆ ಬಿಳಿ ಬೂಷ್ಟು ಬಾರದಿರಲೆಂದು ಕಾರ್ಖಾನೆಯಲ್ಲೇ ಕ್ರೋಮೇಟ್ ದ್ರಾವಣ ಹಾಯಿಸಿರುತ್ತಾರೆ. ಅದರಲ್ಲಿರಬಹುದಾದ ಆರು ವೇಲೆನ್ಸಿಯ ಕ್ರೋಮಿಯಂ ಕೂಡ ಅದೇ ಗುಂಪಿನದು. ಗ್ರೈಂಡರ್ ತಿರುಗಿದಾಗ ಅದೂ ಧೂಳಿನಲ್ಲಿ ಏಳುತ್ತದೆ.

ಇದನ್ನು ನೋಡಿಕೊಳ್ಳಲು ಕಾನೂನು ಇಲ್ಲವೇ ಎಂದರೆ, 1948ರ ಕಾರ್ಖಾನೆ ಕಾಯ್ದೆಯ ಮೂಲ ಲೆಕ್ಕದಲ್ಲೇ ವಿದ್ಯುತ್ ಬಳಸುವ ಜಾಗ ಕಾರ್ಖಾನೆ ಎನಿಸಿಕೊಳ್ಳಲು ಕನಿಷ್ಠ 10 ಜನ ಕೆಲಸಗಾರರು ಬೇಕಿತ್ತು. ಮೂರು ಜನರ ಗಾಲಾ ಅಂದಿನಿಂದಲೂ ಲೆಕ್ಕದ ಹೊರಗೆ. ಅಲ್ಲಿ ಗಾಳಿ ಎಳೆಯುವ ಫ್ಯಾನು ಇದೆಯೇ ಎಂದು ಕೇಳಬಹುದಾದ ಏಕೈಕ ಇನ್‌ಸ್ಪೆಕ್ಟರ್ ಆ ಗಿರಾಕಿಯೇ, ಅವನೋ ಚಹಾ ಕುಡಿಯುತ್ತಿರುತ್ತಾನೆ. ಗಿರಾಕಿ ಬರದಿದ್ದರೆ ಅವರ ಹೊಟ್ಟೆಪಾಡು ಏನು ಎಂಬ ಮಾತು ಬರುತ್ತದೆ. ಬರಲಿ, ಆದರೆ ಬೇರೆ ಪೈಪು ತರಲಿ. ಸತುವಿಲ್ಲದ ಉಕ್ಕನ್ನು ಬೆಸೆಯಲು ಅವರು ಕಡಿಮೆ ಕೂಲಿ ಕೇಳುವುದಿಲ್ಲ. ಗೇಟು, ಗ್ರಿಲ್ಲುಗಳಿಗೆ ಜಿಐ ಬೆಸೆಯುವುದು ತಪ್ಪದು, ಅದಕ್ಕೆ ಕಾರಣವಾದರೂ ಇದೆ. ಹಾಗೆ ಬೆಸೆಯಲೇಬೇಕಾದಾಗ ಬೆಸುಗೆಯ ಜಾಗದ ಆಚೀಚೆ ಎರಡು ಮೂರು ಇಂಚು ಮಾತ್ರ ಸತು ತೆಗೆದು, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು, ತಕ್ಕ ಮಾಸ್ಕ್ ಹಾಕಿ ಬೆಸೆದು, ಮೇಲೆ ಸತುವಿನ ಪೇಂಟ್ ಹಚ್ಚುವುದು ಕ್ರಮ. ಇಡೀ ಪೈಪನ್ನು ಬೆತ್ತಲೆ ಮಾಡುವುದಲ್ಲ.

ಹೊಸ ಪೈಪಿನ ಮಾತಾಯಿತು. ಹಳೆಯ ಪೈಪಿನದು ಬೇರೆಯೇ ಕಥೆ, ಮತ್ತು ಹೆಚ್ಚು ಅಪಾಯದ ಕಥೆ. ರೇ ರೋಡ್ ನಿಲ್ದಾಣದ ಪಕ್ಕದ ದಾರುಖಾನಾದಲ್ಲಿ ಹಡಗು ಒಡೆಯುತ್ತಾರೆ, ಕಬ್ಬಿಣದ ಗುಜರಿಯ ರಾಶಿ ಬೀಳುತ್ತದೆ. ಕುರ್ಲಾದ ಗುಜರಿ ಅಂಗಡಿಗಳಲ್ಲಿ ಕೆಡವಿದ ಕಟ್ಟಡ, ಮುಚ್ಚಿದ ಕಾರ್ಖಾನೆಗಳ ಪೈಪು ಸಿಗುತ್ತದೆ. ಹಳತು ಎಂದರೆ ಇನ್ನೂ ಚೆಂದ ಎಂದು ತರುತ್ತಾರೆ. ಅದರ ಮೇಲೆ ಹತ್ತಾರು ವರ್ಷಗಳ ಬಣ್ಣ. ಕಬ್ಬಿಣಕ್ಕೆ ಮೊದಲ ಕೋಟಾಗಿ ಹಚ್ಚುತ್ತಿದ್ದ ಕೇಸರಿ ಛಾಯೆಯ ರೆಡ್ ಲೆಡ್ ಸೀಸದ ಆಕ್ಸೈಡು. ಹಳದಿ ಬಣ್ಣಗಳಲ್ಲಿ ಸೀಸದ ಕ್ರೋಮೇಟು. ಭಾರತದಲ್ಲಿ ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲಿಗಿಂತ ಹೆಚ್ಚಿರಬಾರದು ಎಂಬ 2016ರ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂತು. ಅದು ಮನೆಯ, ಅಲಂಕಾರದ ಬಣ್ಣಗಳಿಗೆ ಮಾತ್ರ. ಕೈಗಾರಿಕೆಯ ಬಣ್ಣ ಆ ನಿಯಮದ ಹೊರಗೇ ಉಳಿಯಿತು. ಗುಜರಿಯ ಪೈಪಿನ ಮೇಲಿರುವುದು ಆ ಬಣ್ಣವೇ.

ಈ ಪೈಪನ್ನು ಕೋಣೆಯೊಳಗೆ ಉಪ್ಪುಕಾಗದ ಹಿಡಿದು ಉಜ್ಜಿದರೆ ಸೀಸದ ಧೂಳು ನೆಲಕ್ಕೆ ಇಳಿಯುತ್ತದೆ. ಆ ನೆಲದಲ್ಲಿ ಮಗು ಅಂಬೆಗಾಲಿಡುತ್ತದೆ, ಕೈ ಬಾಯಿಗೆ ಹೋಗುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲ ಎಂಬುದು ವೈದ್ಯಲೋಕ ಒಪ್ಪಿಕೊಂಡ ಮಾತು. ಬುದ್ಧಿ ಬೆಳೆಯುವ ವಯಸ್ಸಿನಲ್ಲಿ ಆದ ಹಾನಿ ಹಿಂತಿರುಗಿ ಬರುವುದಿಲ್ಲ. ಹಾಗೆಂದು ಉಜ್ಜದೆ ರಾಸಾಯನಿಕ ಹಚ್ಚಿ ತೆಗೆದರೆ? ಬಣ್ಣ ಕೀಳುವ ಹಲವು ದ್ರಾವಣಗಳಲ್ಲಿ ಇರುವುದು ಡೈಕ್ಲೋರೋಮೀಥೇನ್. ಅದರ ಆವಿ ಒಳಸೇರಿದರೆ ಮೈಯೊಳಗೇ ಕಾರ್ಬನ್ ಮಾನಾಕ್ಸೈಡ್ ಆಗಿ ಬದಲಾಗುತ್ತದೆ. ಮುಚ್ಚಿದ ಬಚ್ಚಲುಮನೆಗಳಲ್ಲಿ ಇದನ್ನು ಬಳಸಿ ಜನ ಸತ್ತ ಮೇಲೆ ಅಮೆರಿಕ 2019ರಲ್ಲಿ ಬಣ್ಣ ಕೀಳುವ ಈ ದ್ರಾವಣವನ್ನು ಸಾಮಾನ್ಯ ಗ್ರಾಹಕರಿಗೆ ಮಾರದಂತೆ ನಿಷೇಧಿಸಿತು. ಗುಜರಿಯ ಬಣ್ಣದ ಪೈಪನ್ನು ಮಕ್ಕಳಿರುವ ಮನೆಯೊಳಕ್ಕೆ ತರದಿರುವುದೇ ಒಳ್ಳೆಯದು. ಈ ಮಾತನ್ನು ಮೆತ್ತಗೆ ಹೇಳುವ ಅಗತ್ಯವಿಲ್ಲ.

ಇಷ್ಟೆಲ್ಲ ಯಾವುದಕ್ಕಾಗಿ? ಬೆತ್ತಲೆ ಕಬ್ಬಿಣದ ಆ ನೋಟಕ್ಕಾಗಿ. ಆ ನೋಟಕ್ಕೆ ‘ಇಂಡಸ್ಟ್ರಿಯಲ್’ ಎಂದು ಹೆಸರು. ಮುಂಬಯಿಯಲ್ಲಿ ಆ ಹೆಸರು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತನದಲ್ಲಿ ಶುರುವಾದ ಗಿರಣಿ ಮುಷ್ಕರ ಲಕ್ಷಾಂತರ ಕೆಲಸಗಾರರ ಬದುಕನ್ನು ಅಲ್ಲಾಡಿಸಿತು. ಒಂದೊಂದಾಗಿ ಗಿರಣಿಗಳು ಮುಚ್ಚಿದವು, ಅವುಗಳ ಪೈಪು, ಮಗ್ಗ, ಬಾಯ್ಲರು ಗುಜರಿಗೆ ಹೋದವು. ಲೋವರ್ ಪರೇಲಿನ ಅದೇ ಅಂಗಳಗಳಲ್ಲಿ ಮಾಲು, ಬಾರು, ಕೆಫೆಗಳು ಎದ್ದ ಮೇಲೆ ಗಿರಣಿಯ ಹಾಗೆ ಕಾಣಬೇಕೆಂದು ಹೊಸ ಪೈಪು ತಂದು ಹಳತಾಗಿಸಿ ಗೋಡೆಗೆ ಹೊಡೆದರು. ನಿಜವಾದ ಕಾರ್ಖಾನೆಯಲ್ಲಾದರೋ ಪೈಪು ಬೆತ್ತಲೆ ಇರುವುದು ಅಪರೂಪ. ಯಾವ ಪೈಪಿನಲ್ಲಿ ಏನು ಹರಿಯುತ್ತದೆ ಎಂದು ದೂರದಿಂದಲೇ ತಿಳಿಯಲು ಬಣ್ಣ ಬಳಿಯುತ್ತಾರೆ, ನೀರಿಗೆ ಹಸಿರು, ಗಾಳಿಗೆ ತಿಳಿನೀಲಿ. ಅದಕ್ಕೆ ಭಾರತೀಯ ಮಾನಕವೇ ಇದೆ.

ಪೈಪಿನ ಪೀಠೋಪಕರಣದ ಚರಿತ್ರೆಯಲ್ಲೂ ಬೆತ್ತಲೆ ಉಕ್ಕಿಗೆ ಹೆಚ್ಚಿನ ಜಾಗವಿಲ್ಲ. 1925ರ ಹೊತ್ತಿಗೆ ಜರ್ಮನಿಯ ಡೆಸ್ಸಾವ್‌ನ ಬೌಹೌಸ್ ಶಾಲೆಯಲ್ಲಿ ಮಾರ್ಸೆಲ್ ಬ್ರಾಯರ್ ತನ್ನ ಸೈಕಲ್ಲಿನ ಹ್ಯಾಂಡಲ್ ನೋಡಿ ಉಕ್ಕಿನ ಕೊಳವೆ ಬಗ್ಗಿಸಿ ಕುರ್ಚಿ ಮಾಡಿದಾಗ ಅದಕ್ಕೆ ಹಾಕಿಸಿದ್ದು ನಿಕ್ಕಲ್ ಲೇಪ, ಮುಂದೆ ಕ್ರೋಮ್ ಬಂತು. ನಮ್ಮಲ್ಲೂ ಅಷ್ಟೇ. ಸರ್ಕಾರಿ ಆಸ್ಪತ್ರೆಯ ಬಿಳಿ ಎನಾಮೆಲ್ ಮಂಚ, ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೂದು ಸ್ಟೂಲು, ಮಾಟುಂಗದ ಉಡುಪಿ ಹೋಟೆಲಿನ ಕುರ್ಚಿಯ ಹೊಳೆಯುವ ಕಾಲು, ಎಲ್ಲಕ್ಕೂ ಅಂಗಿ ಇತ್ತು. ಬೆತ್ತಲೆ ಉಕ್ಕು ಫೋಟೋದಲ್ಲಿ ಮಾತ್ರ ಚೆನ್ನಾಗಿರುತ್ತದೆ. ಜೂನ್ ತಿಂಗಳಲ್ಲಿ ಮುಂಬಯಿಯ ಕಿಟಕಿ ತೆರೆದಿಟ್ಟು ಮಲಗಿದರೆ ಬೆಳಿಗ್ಗೆಗೆ ಅದರ ಮೇಲೆ ಕಂದು ಪುಡಿ ಕಾಣಿಸುತ್ತದೆ. ಹಾಗಾಗಿ ಸುಲಿದವರೆಲ್ಲರೂ ಕೊನೆಗೆ ಅದರ ಮೇಲೆ ಮತ್ತೇನನ್ನೋ ಹಚ್ಚಲೇಬೇಕು: ಸ್ಪ್ರೇ ಡಬ್ಬಿಯ ಲ್ಯಾಕರ್, ಮೇಣ, ಅಗಸೆ ಎಣ್ಣೆ. ಕಾರ್ಖಾನೆಯ ಒಂದು ಗಟ್ಟಿ ಕೋಟನ್ನು ತೆಗೆದು ಮನೆಯ ಒಂದು ತೆಳು ಕೋಟನ್ನು ಹಾಕಿದಂತಾಯಿತು. (ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಒಣಗಿಸಬೇಕು.)

ಬಣ್ಣ ನಿಲ್ಲುವುದಿಲ್ಲ ಎಂಬ ದೂರು ಮಾತ್ರ ನಿಜ. ಆದರೆ ತಪ್ಪು ಸತುವಿನದಲ್ಲ. ಮಾಮೂಲಿ ಎನಾಮೆಲ್ಲಿನಲ್ಲಿರುವ ಎಣ್ಣೆ ಸತುವಿನೊಡನೆ ಸೇರಿ ಬಣ್ಣದ ಅಡಿಯಲ್ಲಿ ಒಂದು ಬಗೆಯ ಸಾಬೂನಾಗುತ್ತದೆ. ಸಾಬೂನಿನ ಮೇಲೆ ನಿಂತದ್ದು ಜಾರಲೇಬೇಕು. ಪೈಪನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಚೆನ್ನಾಗಿ ತಿಕ್ಕಿ ಜಿಡ್ಡು ತೆಗೆದು, ಹಸಿರು ಸ್ಕ್ರಬ್ಬರಿನಿಂದ ಒದ್ದೆಯಾಗಿಯೇ ಹೊಳಪು ಮುರಿಯುವಷ್ಟು ಮಾತ್ರ ಉಜ್ಜಿ, ಸತುವಿಗೆಂದೇ ಇರುವ ಎಚ್ ಪ್ರೈಮರ್ ಹಚ್ಚಿ, ಮೇಲೆ ಬೇಕಾದ ಕಪ್ಪು ಬಳಿದರೆ ಅದು ನಿಲ್ಲುತ್ತದೆ. ಅವಸರವಿಲ್ಲದವರಿಗೆ ಇನ್ನೂ ಸುಲಭದ ದಾರಿ ಇದೆ: ಪೈಪನ್ನು ಒಂದಕ್ಕೊಂದು ತಾಗದಂತೆ ತಾರಸಿಯಲ್ಲಿ ನಿಲ್ಲಿಸಿ ಒಂದು ಮಳೆಗಾಲ ಬಿಡುವುದು. ಹೊಳಪು ತಾನೇ ಮಾಸಿ ಬೂದಿಬಣ್ಣದ ಗಟ್ಟಿ ಪೊರೆ ಕಟ್ಟುತ್ತದೆ. ಅದರ ಮೇಲೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಎಷ್ಟೋ ಜನರಿಗೆ ಆ ಬೂದಿಬಣ್ಣವೇ ಇಷ್ಟವಾಗಿ, ಬಣ್ಣವೇ ಬೇಡವೆನ್ನಿಸಲೂಬಹುದು.

ಕಪ್ಪೇ ಬೇಕು, ಉಕ್ಕೇ ಕಾಣಬೇಕು ಎಂಬ ಹಟದವರಿಗೂ ಸುಲಿಯುವ ಕೆಲಸವಿಲ್ಲ. ಸತು ಕಾಣದ ಎಂಎಸ್ ಕಪ್ಪು ಪೈಪು ಅದೇ ಬೀದಿಯಲ್ಲಿ ಸಿಗುತ್ತದೆ. ಅದರ ಮೇಲಿರುವುದು ಸಾಗಾಟದಲ್ಲಿ ತುಕ್ಕು ಹಿಡಿಯದಿರಲೆಂದು ಹಚ್ಚಿದ ತೆಳು ವಾರ್ನಿಷ್ ಅಥವಾ ಎಣ್ಣೆ. ತಾರಸಿಯಲ್ಲಿ, ಬೆಂಕಿಯಿಂದ ದೂರ, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಬರುತ್ತದೆ. ಕಾರ್ಖಾನೆಯ ಕೋಟು ತೆಗೆಯುವ ಕೆಲಸದಲ್ಲಿ ಮನೆಯವರು ಧೈರ್ಯವಾಗಿ ಮಾಡಬಹುದಾದದ್ದು ಇದೊಂದೇ ಎಂದರೆ ತಪ್ಪಾಗದು.

ಅದಕ್ಕಿಂತಲೂ ಒಳ್ಳೆಯದು ಪೀಠೋಪಕರಣಕ್ಕೆಂದೇ ಮಾಡಿದ ಕೊಳವೆ. ಅದಕ್ಕೆ ಐಎಸ್ 7138 ಎಂಬ ಪ್ರತ್ಯೇಕ ಮಾನಕವಿದೆ. ನೀರಿನ ಪೈಪಿನದು ಐಎಸ್ 1239. ನೀರಿನ ಪೈಪಿನ ಮೇಲಿರುವ ಪಟ್ಟಿ ಹಳದಿಯಾದರೆ ಹಗುರ, ನೀಲಿಯಾದರೆ ಮಧ್ಯಮ, ಕೆಂಪಾದರೆ ಭಾರ. ನೀಲಿ ಪಟ್ಟಿಯ ಒಂದು ಇಂಚಿನ ಪೈಪಿನ ಹೊರವ್ಯಾಸ 33.7 ಮಿಲಿಮೀಟರ್, ಗೋಡೆ 3.2, ತೂಕ ಮೀಟರಿಗೆ ಸುಮಾರು 2.4 ಕಿಲೋ. ಒಳಗಿನ ನೀರಿನ ಒತ್ತಡ ತಡೆಯಲು ಬೇಕಾದ ದಪ್ಪ ಅದು. ಪುಸ್ತಕಕ್ಕೆ ಆ ಒತ್ತಡವಿಲ್ಲ. 25 ಮಿಲಿಮೀಟರ್ ವ್ಯಾಸದ, 1.2 ಮಿಲಿಮೀಟರ್ ಗೋಡೆಯ ಫರ್ನಿಚರ್ ಕೊಳವೆ ಮೀಟರಿಗೆ ಸುಮಾರು 700 ಗ್ರಾಂ ತೂಗುತ್ತದೆ, ಮೂರನೇ ಒಂದು ಪಾಲಿಗಿಂತ ಕಡಿಮೆ. ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಗೆ ಹೊರುವವನ ಹೆಗಲಿಗೆ ಈ ಅಂಕಿ ಚೆನ್ನಾಗಿ ಅರ್ಥವಾಗುತ್ತದೆ. ಅದು ನಯವಾಗಿ ಬಗ್ಗುತ್ತದೆ, ಹೊಗೆಯಿಲ್ಲದೆ ಅಲ್ಲದಿದ್ದರೂ ಸತುವಿನ ಹೊಗೆಯಿಲ್ಲದೆ ಬೆಸೆಯಬಹುದು, ಒಂದು ಪೌಡರ್ ಕೋಟಿಂಗ್ ಹಾಕಿಸಿದರೆ ವರ್ಷಗಟ್ಟಲೆ ಚಿಂತೆ ಇಲ್ಲ. ತೆಳು ಗೋಡೆಗೆ ಮರೆ ಕೊರೆಯಲಾಗದು ಎಂಬುದೊಂದೇ ಕೊರತೆ. ಎಲ್ಬೋ ಹಾಕಿ ತಿರುಚಿ ಬಿಚ್ಚುವ ಸುಖ ಬೇಕೆಂದರೆ ಜಿಐ ಪೈಪೇ ಸರಿ, ಆದರೆ ಆಗ ಅದು ಜಿಐ ಆಗಿಯೇ ಇರಲಿ, ಬಿಳಿಯಾಗಿಯೇ ಇರಲಿ.

ನಾಗದೇವಿ ಬೀದಿಯಲ್ಲಿ ಪೈಪು ಕೇಳಿದರೆ ಅಂಗಡಿಯವನು ಹಾಫ್ ಇಂಚೋ ಒನ್ ಇಂಚೋ, ಜಿಂದಾಲೋ ಟಾಟಾನೋ, ಲೈಟೋ ಮೀಡಿಯಮ್ಮೋ ಎಂದು ಕೇಳುತ್ತಾನೆ. ನೀರಿಗೋ ಮೇಜಿಗೋ ಎಂದು ಕೇಳುವುದಿಲ್ಲ. ಹಾಗಾಗಿ ಅದನ್ನು ಗಿರಾಕಿಯೇ ಹೇಳಬೇಕು: ಮೇಜಿಗೆ, ಸತು ಬೇಡ. ಆಗ ಅವನು ಒಮ್ಮೆ ಮುಖ ನೋಡಿ, ಹುಡುಗನನ್ನು ಕೂಗಿ, ಬಿಳಿ ರಾಶಿಯ ಹಿಂದಿರುವ ಕಪ್ಪು ರಾಶಿಯಿಂದ ಒಂದು ಉದ್ದ ಎಳೆಸುತ್ತಾನೆ, ಮತ್ತು ಕಡಿಮೆ ಬಿಲ್ಲು ಬರೆಯುತ್ತಾನೆ.